ನಟ್ಟನಡುವಿನ ಮೇಜು

ಅಪ್ಪನಿಗೆ,

ನಿಮ್ಮ ಕೋಣೆಗೂ ಅಮ್ಮನ ಕೋಣೆಗೂ ನಡುವಿನ ಮೇಜಿನ ಮುಂದೆ ಕೂತು ಬರೀತಿದ್ದೀನಿ. ಫೋನಿನಲ್ಲಿ ನೀವು ಮಾವನಿಗೆ ಹೇಳಿದ್ದು ಕೇಳಿಸ್ತು: "ಮಗಳು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ನಾನು ಮನೆ ಬಿಟ್ಟರೂ ಅವಳಿಗೇನೂ ಆಗಲ್ಲ."

ಫಿಸಿಕ್ಸ್ ಕ್ಲಾಸಿನಲ್ಲಿ ಇದೇ ತಪ್ಪಿಗೆ ನನ್ನ ಕಿವಿ ಹಿಂಡಿದ ಮೇಷ್ಟ್ರು ನೀವೇ. ಎರಡು ಸಮ ಧನ ವಿದ್ಯುದಾವೇಶಗಳ ನಟ್ಟನಡುವೆ ವಿದ್ಯುತ್ ಕ್ಷೇತ್ರ ಸೊನ್ನೆ, ಹಾಗಾಗಿ ವಿಭವವೂ (ಪೊಟೆನ್ಷಿಯಲ್) ಸೊನ್ನೆ ಅಂತ ಬರೆದಿದ್ದೆ. ಎರಡು ಕಡೆಯ ನೂಕು ವಜಾ ಆಗುತ್ತೆ, ವಿಭವ ಮಾತ್ರ ಕೂಡಿ ಇಮ್ಮಡಿಯಾಗುತ್ತೆ ಅಂದ್ರಿ. ಒಂದನ್ನು ತೆಗೆದರೆ, ನಡುವೆ ಇಟ್ಟ ಧನ ಕಣ ಅದು ಹೋದ ದಿಕ್ಕಿಗೇ ಚಿಮ್ಮುತ್ತೆ ಅಂತಲೂ ಅಂದ್ರಿ.

ಬೆಳಿಗ್ಗೆ ಹೊರಡುವಾಗ ದಯವಿಟ್ಟು ಹೊರಗಿನಿಂದ ಚಿಲಕ ಹಾಕಿ. ಇಲ್ಲಾಂದ್ರೆ ಅಮ್ಮ ಒಬ್ಬಳೇ ಉಳೀತಾಳೆ.

ಇನ್ನೂ ಮೇಜಿನ ಮುಂದೆಯೇ ಇರುವ,
ಮಗಳು