ಹಗೇವಿನ ಮೊದಲ ಮೊರ

ರಾಯಚೂರು,
20-1-1947

ಮಗಳು ಚಿ. ಸೌ. ಶೇಖಮ್ಮನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀಯಾ ತಾಯಿ? ಕೆಮ್ಮು ತಗ್ಗಿತೇ? ಕಫದಲ್ಲಿ ಮತ್ತೆ ರಕ್ತ ಕಂಡಿತೇ? ಊಟ ಸೇರುತ್ತದೆಯೋ ಇಲ್ಲವೋ? ಅಳಿಯ ಹಂಪಣ್ಣನೂ ನಿನ್ನ ಅತ್ತೆ ದುರುಗಮ್ಮನವರೂ ಕ್ಷೇಮವೆಂದು ನಂಬಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅವ್ವ ಬಾಗಿಲಿಗೆ ಬಂದವರನ್ನೆಲ್ಲ ಹಿಡಿದು ನಿನ್ನ ಸುದ್ದಿ ಕೇಳುತ್ತಾಳೆ, ನಿಮ್ಮ ಗಬ್ಬೂರಿನ ಕಡೆ ತಲೆ ಹಾಕದವರನ್ನೂ ಬಿಡುವುದಿಲ್ಲ. ಈ ಪತ್ರವನ್ನು ಅತ್ತೆಯವರಿಗೆ ಓದಿ ಹೇಳು. ಆ ಮನೆಯಲ್ಲಿ ಅಕ್ಷರ ಬಲ್ಲವಳು ನೀನೊಬ್ಬಳೇ. ಚಿಕ್ಕಂದಿನಲ್ಲಿ ಕಲಿಸು ಕಲಿಸು ಎಂದು ನನ್ನ ತಲೆ ತಿಂದದ್ದು ಸಾರ್ಥಕವಾಯಿತು.

ಹೋದ ವಾರ ನೀನು ಬಂದಾಗ ಕೊಟ್ಟುಹೋದ ಕಫವನ್ನು ಶಂಶುದ್ದೀನ್ ಡಾಕ್ಟರು ಪರೀಕ್ಷೆ ಮಾಡಿದರು. ನಿನ್ನ ಹಳೆಯ ಕ್ಷಯ ಮರಳಿ ಬಂದಿಲ್ಲ. ಇದೊಂದು ಮಾತನ್ನು ಅತ್ತೆಯವರಿಗೆ ಎರಡು ಸಲ ಓದು. "ರೋಗ ಹೋಗ್ಯಾದ, ಅದು ಕೊರದ ಪೊಟರಿ ಎದಿಯಾಗ ಉಳದಾದ. ಹಳೇ ರೊಟ್ಟಿ ಮ್ಯಾಲ ಬೂಷ್ಟು ಬೆಳೀತಾದಲ್ಲ, ಹಂಗ ಅದರಾಗ ಬೆಳದಾದ ನೋಡ್ರಿ" ಎಂದರು. ರೊಟ್ಟಿ ಎಂದಾಗ ನನಗೆ ನಗು ಬಂತು, ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅದು ಇನ್ನೊಬ್ಬರಿಗೆ ಅಂಟುವುದಿಲ್ಲವಂತೆ. ಅದಕ್ಕೆ ಔಷಧವೂ ಇದೆ. ಬಸ್ಸಿನ ಡ್ರೈವರ್ ಸತ್ತಾರ್ ಸಾಬ್ ಕೈಯಲ್ಲಿ ಕೆಂಪು ಸೀಸೆ ಕಳಿಸಿದ್ದೇನೆ, ಬೆಳಿಗ್ಗೆ ಸಂಜೆ ಅತ್ತೆಯವರ ಎದುರಿಗೇ ಕುಡಿ.

ಬೂಷ್ಟಿನ ದೂಳು ಎಲ್ಲಿ ಕುಡಿದಳು ಎಂದು ಡಾಕ್ಟರು ಕೇಳಿದಾಗ ನನಗೆ ನಿಮ್ಮ ಹಗೇವು ನೆನಪಾಯಿತು. ನೆಲದೊಳಗಿನ ಆ ಕುಣಿಯಲ್ಲಿ ವರ್ಷವಿಡೀ ಮುಚ್ಚಿಟ್ಟ ಜೋಳ, ಗೋಡೆಗೆ ತಾಗಿದ್ದು ಕಪ್ಪಾಗಿ ಹೆಂಟೆಗಟ್ಟಿರುತ್ತದೆ, ಮೊರದಲ್ಲಿ ಕೇರಿದರೆ ಹೊಗೆಯಂತೆ ಏಳುತ್ತದೆ. ಹಗೇವು ತೆಗೆದ ದಿನ ಮೊದಲ ಮೊರ ಹಿರಿಯ ಸೊಸೆಯೇ ಹಿಡಿಯಬೇಕೆಂಬುದು ನಿಮ್ಮ ಮನೆಯ ಪದ್ಧತಿ. ನೀನು ಕಾಯಿಲೆ ಬಿದ್ದು ತವರಿನಲ್ಲಿದ್ದಷ್ಟು ಕಾಲವೂ ಅತ್ತೆಯವರು ಆ ಮೊರವನ್ನು ಕಿರಿಯವಳಿಗೆ ಕೊಡಲಿಲ್ಲ. ಹೋದ ತಿಂಗಳು ಸಣ್ಣ ಹಗೇವು ತೆಗೆದಾಗ "ನಮ್ಮ ಶೇಖಮ್ಮ ಬಂದಾಳ, ಆಕೀನ ಹಿಡೀಲಿ" ಎಂದರಂತೆ. ಅದನ್ನು ಹೇಳುವಾಗ ನಿನ್ನ ಮುಖ ಅರಳಿತ್ತು. ಕೆಮ್ಮು ಶುರುವಾದದ್ದು ಅದಾದ ಮೇಲೆಯೇ ಅಲ್ಲವೇ? ಈಗ ಅಮಾವಾಸ್ಯೆ ಕಳೆದರೆ ದೊಡ್ಡ ಹಗೇವು ತೆಗೆಯುತ್ತೀರಿ. ಬೀಗಿತ್ತಿಯವರೇ, ಕೈಮುಗಿದು ಕೇಳುತ್ತೇನೆ, ಔಷಧ ಮುಗಿಯುವ ತನಕ ಮೊರವನ್ನು ಕಿರಿಯ ಸೊಸೆ ಹಿಡಿಯಲಿ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಹಂಪಣ್ಣನಿಗೆ ಆಶೀರ್ವಾದ, ಹಿರಿಯರಿಗೆ ನಮಸ್ಕಾರ. ನೀರಮಾನ್ವಿಯ ಯಲ್ಲಮ್ಮ ನಿನ್ನ ಉಸಿರು ಕಾಯಲಿ.

ನಿನ್ನ ಅಪ್ಪ,
ತಾಯಣ್ಣ

ತಾ.ಕ.: ಇಲ್ಲಿಂದ ಮುಂದೆ ಓದಿ ಹೇಳಬೇಡ. ಇದಕ್ಕೆ ಔಷಧವಿಲ್ಲ ಮಗಳೇ. ಸೀಸೆಯಲ್ಲಿರುವುದು ಸಾದಾ ಕೆಮ್ಮಿನ ನೀರು. ಔಷಧವಿಲ್ಲವೆಂದು ತಿಳಿದು ನಿನ್ನನ್ನು ಮತ್ತೆ ತವರಿಗೆ ಕಳಿಸಿದರೆ ಈ ಸಲ ಕರೆಯಲಿಕ್ಕಿಲ್ಲ, ಅದಕ್ಕೇ ಹಾಗೆ ಬರೆದೆ. "ದೂಳಿಂದ ದೂರ ಇಡ್ರಿ. ರಕ್ತ ಜೋರ್ ಬಂತಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು ಡಾಕ್ಟರು. ನಿನ್ನ ಅವ್ವನಿಗೂ ಇದು ಗೊತ್ತಿಲ್ಲ. ಅತ್ತೆ ಕೇಳದಿದ್ದರೆ, ಅವ್ವನಿಗೆ ಹುಷಾರಿಲ್ಲವೆಂದು ಹೇಳಿ ಸತ್ತಾರ್ ಸಾಬನ ಬಸ್ಸು ಹತ್ತಿಬಿಡು. ಅತ್ತೆಯವರು ಪ್ರೀತಿಯಿಂದ ಮೊರ ಮುಂದೆ ಹಿಡಿದರೆ ನೀನು ಬೇಡ ಎನ್ನಲಾರೆ. ನನಗೆ ಭಯ ಆ ಬೂಷ್ಟಿನದಲ್ಲ, ಆ ಪ್ರೀತಿಯದೇ.