ಗಂಟು ಹಾಕಿದ ಕ್ಯಾಸೆಟ್

ಮಾರ್ಚ್ 4, ಸೋಮವಾರ. ಬೆಳಿಗ್ಗೆ 7.10

ಅಪ್ಪನ ಹಲ್ಲಿನ ಸೆಟ್ಟು ಉಜ್ಜಿ ಲೋಟದಲ್ಲಿಟ್ಟೆ. ಕೆಳಗಿನದು ಎಡಗಡೆ ಒತ್ತುತ್ತಿದೆಯಂತೆ. ಸುಳ್ಳು. ನಾನೇ ಮಾಡಿದ್ದು, ನನಗೆ ಗೊತ್ತಿಲ್ಲವೇ? ಇಪ್ಪತ್ತೆಂಟು ವರ್ಷದಿಂದ ಲ್ಯಾಬಿನಲ್ಲಿ ಊರವರಿಗೆಲ್ಲ ಹಲ್ಲು ಮಾಡಿ ಕೊಡುತ್ತಿದ್ದೇನೆ, ಯಾರೂ ತಕರಾರು ತೆಗೆದಿಲ್ಲ. ಮನೆಯವರಿಗೆ ಮಾತ್ರ ಒತ್ತುತ್ತದೆ. ಒತ್ತುತ್ತದೆ ಎಂದರೆ ನಾನು ಏನೋ ಕೇಳಿದೆ, ಅವರಿಗೆ ಉತ್ತರ ಕೊಡಲು ಇಷ್ಟವಿಲ್ಲ ಎಂದು ಅರ್ಥ. ಆಗ ಹಲ್ಲು ತೆಗೆದು ಲೋಟಕ್ಕೆ ಹಾಕುತ್ತಾರೆ. ವಿಚಾರಣೆ ಮುಗಿಯಿತು.

ಇವತ್ತು ಕೇಳಿದ್ದು ಇಷ್ಟೇ — ಆ ಫಿಲಂ ಡಿಸ್ಕಿನಲ್ಲಿ ಬಂದಿದೆಯಂತೆ, ತರಲಾ?

ಡಿಸ್ಕ್ ಅಂಗಡಿಯವನು ನಿನ್ನೆ ಫೋನ್ ಮಾಡಿದ್ದ. "ಮೇಡಂ, ವರ್ಷಗಟ್ಲೆ ಕೇಳ್ತಿದ್ರಲ್ಲ, ಆ ಲೈಟ್‌ಹೌಸ್ ಫಿಲಂ! ಕ್ಲೀನ್ ಮಾಡಿ ಹೊಸದಾಗಿ ಬಿಟ್ಟಿದ್ದಾರೆ. ಒಂದೇ ಪೀಸ್ ಇರೋದು. ಎತ್ತಿಡ್ಲಾ?"

ಎತ್ತಿಡಿ ಎಂದೆ. ತಗೋತೀನಿ ಎನ್ನಲಿಲ್ಲ.

ಅದೇ ದಿನ, ಸಂಜೆ

ಯಾಕೆ ಎನ್ನಲಿಲ್ಲ? ಪ್ರಪಂಚದಲ್ಲಿ ನನಗೆ ಅದಕ್ಕಿಂತ ಇಷ್ಟದ ಫಿಲಂ ಇಲ್ಲ. ಇನ್ನೂರು ಸಲವಾದರೂ ನೋಡಿರಬೇಕು. ಅದರ ವಿಡಿಯೋ ಕ್ಯಾಸೆಟ್ ಈಗಲೂ ಕಪಾಟಿನಲ್ಲಿದೆ. ಅದನ್ನು ಹಾಕುವ ಮಷೀನು ಸತ್ತು ಎಂಟು ವರ್ಷ. ರೇಡಿಯೋ, ಟಿವಿ ರಿಪೇರಿಯಲ್ಲೇ ಜೀವನ ಸವೆಸಿದ ಅಪ್ಪ ಅದೊಂದನ್ನು ರಿಪೇರಿ ಮಾಡಲಿಲ್ಲ. "ಪಾರ್ಟ್ ಸಿಗಲ್ಲ."

ಹಿಂದೇಟು ಹಾಕುವುದಕ್ಕೆ ಕಾರಣ ಒಂದೇ. ಡಿಸ್ಕಿನಲ್ಲಿ ನಮ್ಮ ಗಂಟು ಇರುವುದಿಲ್ಲ.

ಅಮ್ಮ ಮನೆ ಬಿಟ್ಟು ಹೋದ ವರ್ಷ ತಂದ ಕ್ಯಾಸೆಟ್ ಅದು. ನನಗೆ ಹನ್ನೊಂದು, ತಮ್ಮನಿಗೆ ನಾಲ್ಕು. ಭಾನುವಾರ ಮಧ್ಯಾಹ್ನ ಮೂವರೂ ಕೂತೆವು. ಲೈಟ್‌ಹೌಸ್ ಕಾಯುವವನ ಹೆಂಡತಿ ಜಗಳವಾಡಿ ದೋಣಿ ಹತ್ತುತ್ತಾಳೆ. ಮಗಳು ದಡದಲ್ಲಿ ನಿಂತು ಕೂಗುತ್ತಾಳೆ. ಅವಳು ತಿರುಗಿ ನೋಡುವುದಿಲ್ಲ. ಅಷ್ಟು ಹೊತ್ತಿಗೆ ಅಪ್ಪ ದಡಕ್ಕನೆ ಎದ್ದು ಆಫ್ ಮಾಡಿದರು. ಮಷೀನು ಟೇಪು ತಿಂದುಬಿಟ್ಟಿತಂತೆ. "ಪಕ್ಕದ ಮನೇಲಿ ಆಡ್ಕೊಳ್ಳಿ ಹೋಗಿ." ಸಂಜೆ ಬಂದಾಗ ಹಾಳಾದ ಭಾಗ ಕತ್ತರಿಸಿ ಅಂಟಿಸಿ ಸರಿ ಮಾಡಿದ್ದರು.

ಅಂದಿನಿಂದ ನಮ್ಮ ಫಿಲಂ ಹೀಗೆ: ದೋಣಿ ಹೋಗುತ್ತದೆ, ಪರದೆ ಒಮ್ಮೆ ಕುಪ್ಪಳಿಸುತ್ತದೆ, ಮಗಳು ದೊಡ್ಡವಳಾಗಿ ಅಪ್ಪನ ಜೊತೆ ದೀಪ ಒರೆಸುತ್ತಿರುತ್ತಾಳೆ. ಆ ಕುಪ್ಪಳಿಕೆಗೆ ನಾವಿಟ್ಟ ಹೆಸರು ಗಂಟು. ಅದು ಬಂದಾಗ ತಮ್ಮ ಸೋಫಾದ ಮೇಲೆ ಎಗರುತ್ತಿದ್ದ. ನನಗೆ ಎಗರುವ ವಯಸ್ಸಲ್ಲ. ಆ ಹುಡುಗಿ ಬಟ್ಟೆ ಹಿಡಿದು ಗಾಜು ಒರೆಸುವುದನ್ನು ನೋಡುತ್ತಿದ್ದೆ. ಹೋದವಳು ಹೋದಳು, ಕೆಲಸ ನೋಡು — ಬದುಕಲು ಅಷ್ಟು ಸಾಕು ಎಂದು ಅವಳಿಂದಲೇ ಕಲಿತೆ.

ಮಾರ್ಚ್ 7, ಗುರುವಾರ

ತಮ್ಮನಿಗೆ ಫೋನ್ ಮಾಡಿದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ.

"ಬೇಡ ಅಕ್ಕ. ನೋಡಿ ನೋಡಿ ಸಾಕಾಗ್ಲಿಲ್ವಾ ನಿಂಗೆ?"

"ಮಷೀನ್ ಹೋಗಿ ಎಂಟು ವರ್ಷ ಆಯ್ತಲ್ಲೋ."

"ಬಾಯಿಪಾಠ ಇದ್ಯಲ್ಲ. ಸುಮ್ನೆ ಯಾಕೆ? ಬೇರೆ ಯಾವ್ದಾದ್ರೂ ತಗೋ. ನಾನೇ ಕಳಿಸ್ತೀನಿ."

ತಾನೇ ಕಳಿಸುತ್ತಾನಂತೆ! ಅಪ್ಪನಿಗೆ ವಾಕರ್ ಬೇಕು ಎಂದಾಗ ಫೋನ್ ಎತ್ತದ ಗಿರಾಕಿ. ಏನೋ ಇದೆ.

ಮಾರ್ಚ್ 9, ಶನಿವಾರ. ಮಧ್ಯಾಹ್ನ 3.00

ಲ್ಯಾಬಿನ ಊಟದ ಬಿಡುವಿನಲ್ಲಿ ಅಂಗಡಿಗೆ ಹೋದೆ. ಸುಮ್ಮನೆ ಕೈಯಲ್ಲಿ ಹಿಡಿದು ನೋಡೋಣ ಎಂದು. ಕವರಿನ ಮೇಲೆ ಅದೇ ದೋಣಿ. ಹಿಂದೆ ಸಣ್ಣ ಅಕ್ಷರದಲ್ಲಿ — 149 ನಿಮಿಷ.

ನಮ್ಮದು ಎರಡು ಗಂಟೆ ಹದಿನೆಂಟು ನಿಮಿಷ. ಮಷೀನಿನ ಹಸಿರು ಅಂಕಿ ಪ್ರತಿ ಭಾನುವಾರ 2:18ಕ್ಕೆ ನಿಲ್ಲುತ್ತಿತ್ತು. ಅಂದರೆ 138.

ಹನ್ನೊಂದು ನಿಮಿಷ ಎಲ್ಲಿ?

"ಇದ್ರಲ್ಲಿ ಏನಾದ್ರೂ ಹೊಸದಾಗಿ ಸೇರಿಸಿದ್ದಾರಾ?"

"ಇಲ್ಲ ಮೇಡಂ, ಥಿಯೇಟರ್‌ನಲ್ಲಿ ಬಂದಿದ್ದು ಇಷ್ಟೇ."

ಅಪ್ಪನ ಬೆಂಚಿನ ಪಕ್ಕ ಕೂತು ಬೆಳೆದವಳು ನಾನು. ಮಷೀನು ಟೇಪು ತಿಂದರೆ ಒಂದು ಗೇಣು ತಿನ್ನುತ್ತದೆ. ಬಾಯಿ ದೊಡ್ಡದಿದ್ದರೆ ಒಂದು ಮೊಳ. ಪರದೆಯ ಮೇಲೆ ಅದು ಅರ್ಧ ನಿಮಿಷವೂ ಆಗುವುದಿಲ್ಲ. ಹನ್ನೊಂದು ನಿಮಿಷ ಎಂದರೆ ನಮ್ಮ ಬೀದಿಯ ಈ ಕಡೆಯಿಂದ ಆ ಕಡೆಗೆ ಎಳೆದರೂ ಮಿಗುವಷ್ಟು ಟೇಪು. ಅಷ್ಟನ್ನು ಯಾವ ಮಷೀನೂ ತಿನ್ನುವುದಿಲ್ಲ.

ಡಿಸ್ಕ್ ವಾಪಸ್ ಇಟ್ಟೆ. ನಾಜೂಕಿನ ಕೆಲಸ ಇವತ್ತು ಆಗುವುದಿಲ್ಲವೆಂದು ಲ್ಯಾಬಿಗೆ ಅರ್ಧ ದಿನ ರಜಾ ಹೇಳಿ ಮನೆಗೆ ಬಂದೆ.

ಅಪ್ಪ ಮಲಗಿದ್ದಾರೆ. ಕ್ಯಾಸೆಟ್ ತೆಗೆದು ಅಡಿಗೆಮನೆಯ ಟೇಬಲ್ಲಿನ ಮೇಲೆ ಬಿಚ್ಚಿದೆ. ಐದು ಸ್ಕ್ರೂ. ಟೇಪು ಎಳೆದೂ ಎಳೆದೂ ಗಂಟು ಸಿಕ್ಕಿತು. ತಿಂದ ಟೇಪು ಎಷ್ಟೇ ನೀಟಾಗಿ ಕತ್ತರಿಸಿದರೂ ಆಚೆ ಈಚೆ ಸುಕ್ಕು ಉಳಿದೇ ಉಳಿಯುತ್ತದೆ — ಇದನ್ನೂ ಕಲಿಸಿದ್ದು ಅಪ್ಪನೇ. ಇಲ್ಲಿ ಒಂದು ಸುಕ್ಕಿಲ್ಲ. ಬ್ಲೇಡು, ಸ್ಕೇಲು ಹಿಡಿದು ನೆಟ್ಟಗೆ ಕೊಯ್ದದ್ದು. ಒಳ್ಳೆಯ ಕೆಲಸ. ನಾನಾಗಿದ್ದರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಮಾರ್ಚ್ 10, ಭಾನುವಾರ

ಕೇಳಿದೆ. "ಅಪ್ಪಾ, ಆ ಕ್ಯಾಸೆಟ್‌ನಲ್ಲಿ ನೀವು ಕತ್ತರಿಸಿದ್ದು ಏನು?"

"ಎಡಗಡೆ ಒತ್ತುತ್ತೆ ಕಣಮ್ಮ."

ಲೋಟದಲ್ಲಿ ಟಣ್ ಎಂದಿತು.

ಮಾರ್ಚ್ 12, ಮಂಗಳವಾರ

ತಮ್ಮ ಬಾಯಿ ಬಿಟ್ಟ. ಮೂರು ಸಲ ಫೋನ್ ಕಟ್ ಮಾಡಿದ ಮೇಲೆ.

ಕಾಲೇಜಿನ ಹಾಸ್ಟೆಲಿನಲ್ಲಿ ಆ ಫಿಲಂ ಹಾಕಿದ್ದರಂತೆ. ಪೂರ್ತಿ ನೋಡಿದನಂತೆ. ಹದಿನೆಂಟನೇ ವಯಸ್ಸಿನಲ್ಲಿ.

"ಏನಿದೆ ಹೇಳು."

"ಅವಳು ವಾಪಸ್ ಬರ್ತಾಳೆ ಅಕ್ಕ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಬಾಗಿಲು ತಟ್ತಾಳೆ. ಅವ್ನು ಒಳಗೆ ಬಿಡಲ್ಲ. ಮಗಳು ನಿನ್ನ ಮರ್ತಿದ್ದಾಳೆ, ಹೋಗು ಅಂತಾನೆ. ಅವಳು ಮೆಟ್ಟಿಲ ಮೇಲೆ ಕೂತ್ಕೊಂಡಿರ್ತಾಳೆ... ಆಮೇಲೆ ಹೋಗ್ತಾಳೆ."

"ನಂಗೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಪ್ಪನ್ನ ಬಿಟ್ಟು ಹೋಗ್ತಿದ್ದೆ. ಆಮೇಲೆ ಅವರನ್ನ ನೋಡ್ಕೊಳ್ಳೋರು ಯಾರು?"

ಎಷ್ಟು ಸಲೀಸಾಗಿ ಹೇಳಿದ! ಅವನು ಓದಿದ, ಮದುವೆಯಾದ, ಬೇರೆ ಊರು ಸೇರಿದ. ನಾನು ಅಪ್ಪನ ಹಲ್ಲು ಉಜ್ಜಿಕೊಂಡು ಇಲ್ಲೇ ಇರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡ. ಅವನು ಹಾಸ್ಟೆಲಿನಲ್ಲಿ ಅದನ್ನು ನೋಡಿದಾಗ ಅಮ್ಮ ಬದುಕಿದ್ದಳು. ಆಮೇಲೂ ಆರು ವರ್ಷ ಬದುಕಿದ್ದಳು.

ಮಾರ್ಚ್ 13

ಅಮ್ಮನ ತಂಗಿ ಚಿಕ್ಕಮ್ಮನ ಕಾಗದ ನೆನಪಾಗುತ್ತಿದೆ. ಅಮ್ಮನಿಗೆ ಹುಷಾರಿಲ್ಲ, ಒಂದೇ ಒಂದು ಸಲ ಬಂದು ಮುಖ ತೋರಿಸಿ ಹೋಗು ಎಂದು ಬರೆದಿದ್ದರು. ನಾನು ಒಂದೇ ಸಾಲು ಬರೆದೆ. 'ಹೋಗುವಾಗ ಅವಳು ತಿರುಗಿ ನೋಡಿದಳೇ?' ಬರೆದು ಭಲೇ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಮ್ಮ ಹೋಗುವಾಗ ನಾನು ಸ್ಕೂಲಿನಲ್ಲಿದ್ದೆ. ತಿರುಗಿ ನೋಡದೆ ಹೋದದ್ದು ದೋಣಿಯವಳು.

ಇಪ್ಪತ್ತು ದಿನಕ್ಕೆ, ತಿಥಿಗೆ ಬಾ ಎಂದು ಇನ್ನೊಂದು ಕಾಗದ ಬಂತು. ಅದಕ್ಕೂ ಹೋಗಲಿಲ್ಲ.

ಮಾರ್ಚ್ 28, ಗುರುವಾರ

ಎರಡು ವಾರ ಏನೂ ಬರೆಯಲಿಲ್ಲ. ಲ್ಯಾಬಿನಲ್ಲಿ ಒಂದು ಸೆಟ್ಟಿಗೆ ಮುಂದಿನ ಹಲ್ಲು ಅದಲುಬದಲು ಕೂರಿಸಿದೆ. ಡಾಕ್ಟರು ನಕ್ಕು ವಾಪಸ್ ಕಳಿಸಿದರು. ನಾನು ನಗಲಿಲ್ಲ.

ಕೊಳ್ಳಲೇ, ಬೇಡವೇ. ಅದೇ ತಲೆಯಲ್ಲಿ. ಕೊಂಡರೆ ಇಷ್ಟದ ಫಿಲಂ ಹೋಯಿತು. ಕೊಳ್ಳದಿದ್ದರೂ ಹೋಯಿತು, ಅದು ಈಗಾಗಲೇ ಕೆಟ್ಟಿದೆ. ಫಿಲಂನಲ್ಲಿ ಅವಳು ಬಂದಳೆಂದ ಮಾತ್ರಕ್ಕೆ ಅಮ್ಮ ನಮ್ಮ ಮನೆಗೂ ಬಂದಿದ್ದಳು ಎಂದೇನಿಲ್ಲ. ನಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿರಬಹುದು. ಆದರೆ ಏನೂ ನಡೆದಿಲ್ಲದವನು ಬ್ಲೇಡು, ಸ್ಕೇಲು ಹಿಡಿದು ಯಾಕೆ ಕೂರುತ್ತಾನೆ?

ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಥಿಯೇಟರಿಗೆ ಹೋಗಿ ನೋಡಿದ ಫಿಲಂ ಅದು. ದೋಣಿಯ ನಂತರ ಏನು ಬರುತ್ತದೆಂದು ಅಪ್ಪನಿಗೆ ಗೊತ್ತಿತ್ತು. ದೋಣಿಯವರೆಗೆ ನಮಗೆ ತೋರಿಸಿದ್ದೂ ಬೇಕೆಂದೇ ಇರಬೇಕು.

ಸಂಜೆ ಅಂಗಡಿಗೆ ಹೋಗಿ ತಂದೆ. ಪ್ಲೇಯರೂ ತಂದೆ. "ಒಳ್ಳೇ ಫಿಲಂ ಮೇಡಂ, ಫ್ಯಾಮಿಲಿ ಜೊತೆ ಕೂತು ನೋಡಿ" ಎಂದ.

ಮಾರ್ಚ್ 31, ಭಾನುವಾರ. ಮಧ್ಯಾಹ್ನ 3.20

ಎರಡು ಗಂಟೆಗೆ ಹಾಕಿದೆ, ಹಿಂದಿನ ಹಾಗೆಯೇ. ಅಪ್ಪನ ಕುರ್ಚಿ ಎದುರಿಗೆ ಎಳೆದುಕೊಟ್ಟೆ. ಕವರು ನೋಡಿ ಎದ್ದು ಹೋಗಲು ಹೊರಟರು. ವಾಕರ್ ನಾನು ಆಗಲೇ ಬಾಲ್ಕನಿಯಲ್ಲಿ ಇಟ್ಟಿದ್ದೆ. ಹೌದು, ಬೇಕೆಂದೇ.

ದೋಣಿ ಹೋಯಿತು. ಪರದೆ ಕುಪ್ಪಳಿಸಲಿಲ್ಲ. ಸಮುದ್ರ ಸುಮ್ಮನೆ ಮುಂದುವರಿಯಿತು, ಗಾಜಿನಷ್ಟು ಸ್ವಚ್ಛವಾಗಿ. ಮನೆ. ಬಾಗಿಲು. ಅವಳು ಬಂದಳು. ನನಗೆ ಇದುವರೆಗೆ ನೆನಪಿದ್ದದ್ದು ಅವಳ ಬೆನ್ನು ಮಾತ್ರ ಎಂದು ಆಗ ಹೊಳೆಯಿತು. ತಲೆ ಬಾಚಿರಲಿಲ್ಲ. ಮಗಳ ಅಳತೆಯ ಚಪ್ಪಲಿ ತಂದಿದ್ದಳು. ಅವನು ಬಾಗಿಲಿಗೆ ಅಡ್ಡ ನಿಂತ. ಅವಳು ಮೆಟ್ಟಿಲ ಮೇಲೆ ಕೂತಳು. ಅಲ್ಲಿಗೆ ಪಾಜ್ ಒತ್ತಿ ನಿಲ್ಲಿಸಿದೆ.

"ಅಪ್ಪಾ, ಅಮ್ಮ ಬಂದಿದ್ಲಾ?"

ಅಪ್ಪನ ಕೈ ಬಾಯಿಗೆ ಹೋಯಿತು. ಹಲ್ಲು ಅಂಗೈಗೆ ಬಂತು. ಮೇಲಿನದು, ಕೆಳಗಿನದು, ಎರಡೂ.

"ತೆಗಿ, ಪರವಾಗಿಲ್ಲ. ಮಾತು ಬೇಡ. ಎಷ್ಟು ಸಲ ಬಂದಿದ್ಲು, ಬೆರಳಲ್ಲಿ ತೋರ್ಸು."

ಜೀವಮಾನದಲ್ಲಿ ಮೊದಲ ಸಲ ಅಪ್ಪನಿಗೆ ಏಕವಚನ. ಬೈಯಲಿಲ್ಲ. ಬಹಳ ಹೊತ್ತು ಟಿವಿಯನ್ನೇ ನೋಡುತ್ತಿದ್ದ. ಆಮೇಲೆ ಖಾಲಿ ಕೈ ತೊಡೆಯಿಂದ ಎದ್ದಿತು. ಒಂದು ಬೆರಳು. ಎರಡು. ಅಷ್ಟೇ ಎಂದುಕೊಂಡು ಮುಖ ತಿರುಗಿಸಿದೆ. ಮತ್ತೆ ನೋಡಿದಾಗ ಮೂರನೆಯದೂ ಎದ್ದಿತ್ತು.

ಅಡಿಗೆಮನೆಗೆ ಬಂದು ಬರೆಯುತ್ತಿದ್ದೇನೆ. ಇಲ್ಲಿಂದ ಟಿವಿ ಕಾಣುತ್ತದೆ. ಅವಳು ಹಾಗೇ ಕೂತಿದ್ದಾಳೆ, ಚಪ್ಪಲಿ ಮಡಿಲಲ್ಲಿ. ಲೋಟ ಖಾಲಿ. ಹಲ್ಲಿನ ಸೆಟ್ಟು ನನ್ನ ಎಡಗೈಯಲ್ಲಿದೆ. ತೊಳೆಯುವ ಅಭ್ಯಾಸ, ಏಳುವಾಗ ಅವನ ಅಂಗೈಯಿಂದ ತೆಗೆದುಕೊಂಡು ಬಂದುಬಿಟ್ಟಿದ್ದೇನೆ. ತೊಳೆದಿಲ್ಲ.

ಆಚೆಯಿಂದ ಕರೆಯುತ್ತಿದ್ದಾನೆ. ಹಲ್ಲಿಲ್ಲದೆ ನನ್ನ ಹೆಸರು ಅವನಿಗೆ ನೆಟ್ಟಗೆ ಬರುವುದಿಲ್ಲ. ಕರೆಯಲಿ. ಎಷ್ಟು ಸಲ ಕರೆಯುತ್ತಾನೋ ನಾನೂ ಎಣಿಸುತ್ತೇನೆ.

ಒಂದು.

ಎರಡು —