ಹಸಿರಿನ ಕೆಳಗಿನ ಬಣ್ಣ

ಮೇ 11, 1996. ಶನಿವಾರ

ಬೆಳಗಿನಿಂದ ಉಜ್ಜಿದ್ದೇ ಉಜ್ಜಿದ್ದು. ಕಾರಿನ ಎಡಬಾಗಿಲಿನ ಚೌಕಟ್ಟು. ನೀರು ಹಾಕಿ, ನಯವಾದ ಸ್ಯಾಂಡ್ ಪೇಪರ್‌ನಲ್ಲಿ. ಮೇಲೆ ಕೆಂಪು, ಅದರಡಿ ಬೂದು, ಅದರಡಿ... ಹಸಿರು. ಅದೇ ಹಸಿರು. ಅಲ್ಲಿಗೇ ಕೈ ನಿಲ್ಲಿಸಿದೆ.

ಡಲ್ಸಿ ಇರಬೇಕಿತ್ತು. ನಾವು ಮಾರಿದ ಗಾಡಿ ಎಲ್ಲೋ ಯಾರದೋ ಶೆಡ್ಡಿನಲ್ಲಿ ಇದ್ದೇ ಇರುತ್ತದೆ ಎಂದು ಸಾಯುವವರೆಗೂ ಹೇಳುತ್ತಿದ್ದಳು.

ಮೇ 14

ಗಾಡಿಯ ಹೆಸರು ಕರ್ಲ್ಯೂ. ಜೀಲಾಂಗ್‌ನ ಅಣ್ಣತಮ್ಮಂದಿರಿಬ್ಬರು ಮನೆ ಹಿಂದೆ ಮಾಡಿದ ಗಾಡಿ. ಫೈಬರ್ ಮೈ, ಹೋಲ್ಡನ್ ಕಂಪನಿಯ ಎಂಜಿನ್, ಎರಡೇ ಸೀಟು. ಹತ್ತು ಹನ್ನೆರಡು ಮಾಡಿ ಅಂಗಡಿ ಮುಚ್ಚಿದರು. ಹಸಿರಿನದು ಒಂದೇ, ಅದು ನಮ್ಮದು. ಮಗ ಹುಟ್ಟಿದ, ಮಾರಿದೆವು. ಗಾಡಿ ಹೋಗುವಾಗ ಡಲ್ಸಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಹೆದ್ದಾರಿಯಲ್ಲಿ ಹಸಿರು ಬಣ್ಣ ಕಂಡರೆ ಸಾಕು, ಕುತ್ತಿಗೆ ತಿರುಗಿಸುತ್ತಿದ್ದಳು. ಹಳೇ ಟ್ರ್ಯಾಕ್ಟರ್ ಆದರೂ ಸರಿ.

ಇದು ಸಿಕ್ಕಿದ್ದು ಹೋಪ್‌ಟೌನ್ ಆಚೆ, ಹೇಜಲ್ ಎಂಬಾಕೆಯ ಗೋಧಿ ಶೆಡ್ಡಿನಲ್ಲಿ, ಕೋಳಿಗಳ ಕೆಳಗೆ. ಗಂಡ ಹೋದಮೇಲೆ ಯಾರೂ ಮುಟ್ಟಿಲ್ಲವಂತೆ. ತಗೊಂಡು ಹೋಗಿ, ಓಡೋ ಹಾಗೆ ಮಾಡಿದರೆ ನನ್ನನ್ನೊಂದು ಸಲ ಕೂರಿಸಿಕೊಳ್ಳಿ ಎಂದರು.

ಎಡಬಾಗಿಲು ಜೋತುಬಿದ್ದಿದೆ. ಎತ್ತಿ ಹಾಕಬೇಕು. ನಮ್ಮದೂ ಹಾಗೇ! ಡಲ್ಸಿ ಒಳಗೆ ಕೂತು ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಎಳೆದುಕೊಳ್ಳುತ್ತಿದ್ದಳು. ಇನ್ನೇನು ಸಾಕ್ಷಿ ಬೇಕು?

ಜೂನ್ 2. ಸಂಜೆ

ಕ್ಲ್ಯಾರಿ ಬಂದಿದ್ದ. ಹಳೇ ಗಾಡಿಗಳ ಕ್ಲಬ್ಬಿನಲ್ಲಿ ಯಾವುದು ಅಸಲಿ ಎಂದು ತೀರ್ಮಾನಿಸುವವನು ಅವನೇ. ನಾನು ಉಜ್ಜಿದ ಜಾಗ ನೋಡಿದ. ಪೇಪರ್ ತೆಗೆದುಕೊಂಡು ಇನ್ನೊಂದಿಷ್ಟು ಉಜ್ಜಿದ. ಹಸಿರಿನ ಕೆಳಗೆ ಕೆನೆ ಬಣ್ಣ.

ನಮ್ಮದಕ್ಕೆ ಹಸಿರನ್ನು ಫೈಬರ್ ಅಚ್ಚು ಹಾಕುವಾಗಲೇ ಬೆರೆಸಿದ್ದರು. ಅದರ ಕೆಳಗೆ ಇನ್ನೊಂದು ಬಣ್ಣ ಇರುವಂತಿಲ್ಲ. ಇದು ನಮ್ಮದಲ್ಲ.

"ಹಸಿರಿಗೇ ಯಾಕೆ ನಿಲ್ಲಿಸ್ದೆ ಮರ್ವ್?"

ಕೈ ಸೋತಿತ್ತು ಅಂದೆ.

"ಯಾರಿಗೆ ಹೇಳ್ತೀಯ ಮಾರಾಯ? ಫೈಬರ್ ಕಾಣೋವರೆಗೂ ಉಜ್ಜು ಅಂತ ನಂಗೆ ಹೇಳ್ಕೊಟ್ಟೋನೇ ನೀನು."

ಬಾಗಿಲಿನ ವಿಷಯ ಹೇಳಿದೆ. ಆ ಅಣ್ಣತಮ್ಮಂದಿರ ಗಾಡಿಗಳಿಗೆಲ್ಲ ಅದೇ ಚಾಳಿ ಎಂದ. ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ತೂರಿ ನಂಬರ್ ನೋಡಿ ಕೂಗಿಕೊಂಡ. ಒಂದನೆಯದು! ಮೊಟ್ಟಮೊದಲು ಮಾಡಿದ್ದು. ಹಿಡಿದು ಕುಣಿಸಿದ ನನ್ನನ್ನು. ಕುಣಿದೆ. ಎದೆ ಮಾತ್ರ ಭಣಭಣ.

ಆಗಸ್ಟ್ 18

ಬರೆಯುವುದಕ್ಕೇನೂ ಇರಲಿಲ್ಲ. ಗಾಡಿಗೆ ಟಾರ್ಪಾಲು ಹೊದಿಸಿ, ಫುಟ್‌ಬಾಲ್ ನೋಡಿಕೊಂಡು, ಚಾಪ್ಸ್ ಹುರಿದುಕೊಂಡು ಇದ್ದೆ.

ಇವತ್ತು ಹೇಜಲ್‌ಗೆ ಫೋನ್ ಮಾಡಿದೆ. ವಾಪಸ್ ತೆಗೆದುಕೊಳ್ಳಿ ಎನ್ನಲು. ಮಾತಿಗೆ ಅಂತ ಬಣ್ಣದ ವಿಷಯ ಎತ್ತಿದೆ. ಆಕೆ ಅಂದರು:

"ಹಸಿರು ಬಳಿದಿದ್ದು ನಮ್ಮವರೇ. ಮದುವೆಗೆ ಮುಂಚೆ ಡಿಂಬೂಲಾ ರೈಲ್ವೆ ಗೇಟಲ್ಲಿ ಇಂಥದೇ ಒಂದು ಗಾಡಿ ನಿಂತಿತ್ತು. ಹಸಿರಿಂದು. ಒಳಗಿದ್ದ ಹುಡುಗಿ ಅದೇನ್ ನಗ್ತಿದ್ಲು ಅಂತೀರಿ. ನಂಗೂ ಹಾಗೇ ಕೂತ್ಕೋಬೇಕು ಅಂದಿದ್ದೆ."

ಡಲ್ಸಿಯೇ? ಯಾವ ವರ್ಷ ಎಂದು ಕೇಳಲಿಲ್ಲ. ನಾವು ಮಾರಿಬಿಟ್ಟ ಮೇಲಿನ ವರ್ಷ ಹೇಳಿದರೆ? ಮತ್ತೆ ಹಸಿರಿಗೇ ನಿಲ್ಲಿಸಿದೆ. ಈ ಸಲ ಗೊತ್ತಿದ್ದೇ.

ವಾಪಸ್ ಎನ್ನಲಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತೆ. ಎಷ್ಟು ಬೇಕು ಅನ್ನಿಸುತ್ತದೆ ಅವಳು... ಬೈಯುವುದಕ್ಕಾದರೂ.

ಸೆಪ್ಟೆಂಬರ್ 29

ಕ್ಲ್ಯಾರಿ ಜೊತೆ ಜಗಳ. ಒಂದನೆಯ ಗಾಡಿ, ಕೆನೆ ಬಣ್ಣವೇ ಆಗಬೇಕು, ಹಸಿರು ಬಳಿದರೆ ಕ್ಲಬ್ಬಿನ ಮಾನ್ಯತೆ ಕೊಡುವುದಿಲ್ಲ ಅಂತ. ಇಟ್ಟುಕೊಳ್ಳಲಿ. ಬಾಗಿಲಿನ ಕೀಲಾದರೂ ಸರಿಮಾಡುತ್ತೇನೆ ಎಂದ. ಅದನ್ನೂ ಮುಟ್ಟಬೇಡ ಎಂದೆ. ನಿನ್ನಂಥ ಕತ್ತೆ ಇಡೀ ವಿಕ್ಟೋರಿಯಾದಲ್ಲಿ ಇಲ್ಲ ಎಂದು ಹೊರಟುಹೋದ.

ಅಕ್ಟೋಬರ್ 12

ಬಂದ. ತನ್ನ ಸ್ಪ್ರೇ ಗನ್ ಹಿಡಿದುಕೊಂಡೇ. ಹಸಿರು, ಮೂರು ಕೋಟು. ಕೆಲಸ ಮುಗಿಯುವವರೆಗೂ ಗೊಣಗಿದ. ಚೌಕಟ್ಟಿನಲ್ಲಿ ಅಂಗೈಯಗಲ ಮಾತ್ರ ಹಾಗೇ ಬಿಟ್ಟೆವು, ಎಲ್ಲ ಪದರವೂ ಕಾಣುವಂತೆ. ಅದು ಅವನ ಸಮಾಧಾನಕ್ಕೆ.

ನವೆಂಬರ್ 3, ಭಾನುವಾರ

ಹೇಜಲ್ ಗೇಟಿನಲ್ಲೇ ನಿಂತಿದ್ದರು. ತಲೆಗೆ ಸ್ಕಾರ್ಫ್, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಗಾಡಿ ನೋಡಿದರು. ಬಾನೆಟ್ ಮೇಲೆ ಕೈಯಿಟ್ಟು ನಿಂತರು. ನಾನು ಆ ಕಡೆ ತಿರುಗಿ ಗೋಧಿ ಹೊಲ ನೋಡಿದೆ.

ಆಮೇಲೆ ಕೂತರು. ಡಲ್ಸಿಯ ಕಡೆ. ಬಾಗಿಲು ಎತ್ತಿ ಹಾಕಬೇಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಎಳೆದುಕೊಂಡರು. ನಾನು ರಸ್ತೆಯನ್ನೇ ನೋಡುತ್ತಿದ್ದೆ, ಪಕ್ಕಕ್ಕೆ ತಿರುಗಲಿಲ್ಲ. ಕಣ್ಣಂಚಿನಲ್ಲಿ ಆ ಎರಡು ಕೈ, ಬಾಗಿಲಿನ ಆ ಸದ್ದು. ತಿರುಗದೇ ಇದ್ದರೆ ಇನ್ನೂ ಒಂದು ಗಳಿಗೆ ಅವಳೇ —